ಗಾಯಕ್ಕೆ ನಾಚಿಕೆ ತಿಳಿಯದು

ಕಾಲು ಮುರಿದರೆ ನಾಲ್ಕು ಜನ ಬಂದು ನೋಡಿ ಹೋಗುತ್ತಾರೆ. ಪ್ಲಾಸ್ಟರ್ ಎಷ್ಟು ದಿನ, ಊರುಗೋಲು ಎಲ್ಲಿ ತಂದಿರಿ, ಎಷ್ಟಾಯ್ತು ಅಂತೆಲ್ಲ ವಿಚಾರಿಸುತ್ತಾರೆ. ಕಣ್ಣಿನ ಪೊರೆ ತೆಗೆಸಿದವರು ಕಪ್ಪು ಕನ್ನಡಕ ಹಾಕಿಕೊಂಡು ಬೀದಿಯಲ್ಲೇ ಓಡಾಡುತ್ತಾರೆ. ಆದರೆ ಎದೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹೆಣ್ಣುಮಗಳಿಗೆ ಊರುಗೋಲು ಯಾವುದು ಗೊತ್ತೆ? ಅವಳ ಬ್ರಾ. ಅದರ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ, ಅವಳೂ ಬಾಯಿ ಬಿಡುವುದಿಲ್ಲ.

ಸ್ತನದ ಗಾತ್ರ ತಗ್ಗಿಸುವ ಶಸ್ತ್ರಚಿಕಿತ್ಸೆ ಎಂದ ಕೂಡಲೇ 'ಅದೆಲ್ಲ ಸಿನಿಮಾದವರಿಗೆ ಬಿಡಿ' ಅನ್ನುವವರಿದ್ದಾರೆ. ಹಾಗೇನಿಲ್ಲ. ಎದೆಯ ಭಾರಕ್ಕೆ ಕತ್ತು, ಬೆನ್ನು, ಹೆಗಲು ಸದಾ ನೋಯುವವರು, ಬ್ರಾ ಪಟ್ಟಿ ಒತ್ತಿ ಒತ್ತಿ ಹೆಗಲ ಮೇಲೆ ಗುಳಿ ಬಿದ್ದವರು, ಎದೆಯ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು ಬೇಸಿಗೆ ಪೂರ್ತಿ ತುರಿಕೆ, ಬೊಕ್ಕೆ ಅನುಭವಿಸುವವರು ಇದನ್ನು ಮಾಡಿಸಿಕೊಳ್ಳುತ್ತಾರೆ. ವರ್ಷಗಟ್ಟಲೆ ಸಹಿಸಿ, ಹಣ ಹೊಂದಿಸಿ, ಮನೆಯವರನ್ನು ಒಪ್ಪಿಸಿ ಆಸ್ಪತ್ರೆ ಮೆಟ್ಟಿಲು ಹತ್ತಿರುತ್ತಾರೆ. ಇಷ್ಟೆಲ್ಲ ಮಾಡಿದವರು ಕೊನೆಗೆ ಮನೆಗೆ ಬಂದು ಬೀರುವಿನಲ್ಲಿದ್ದ ಹಳೇ ತಂತಿಯ ಬ್ರಾ ಹಾಕಿಕೊಂಡರೆ? ಅಥವಾ 'ಮನೇಲೇ ಇರ್ತೀನಲ್ಲ' ಎಂದು ಏನೂ ಹಾಕಿಕೊಳ್ಳದೆ ನೈಟಿಯಲ್ಲಿ ಓಡಾಡಿದರೆ? ಎರಡೂ ತಪ್ಪು. ಆಪರೇಷನ್ ಆದ ಮೇಲಿನ ಮೊದಲ ಕೆಲವು ವಾರ ಬ್ರಾ ಎಂಬುದು ಉಡುಪಲ್ಲ, ಔಷಧಿ. ಔಷಧಿಯನ್ನು ಹೇಗೆ ಕೇಳಿ, ಓದಿ, ಲೆಕ್ಕ ಹಾಕಿ ತೆಗೆದುಕೊಳ್ಳುತ್ತೀರೋ ಇದನ್ನೂ ಹಾಗೇ ಕೊಳ್ಳಬೇಕು. ಇದರಲ್ಲಿ ನಾಚಿಕೆಗೆ ಜಾಗವಿಲ್ಲ.

ಒಳಗೆ ನಡೆದದ್ದೇನು?

ಬಟ್ಟೆ ಆರಿಸುವ ಮೊದಲು ಗಾಯ ಎಲ್ಲೆಲ್ಲಿದೆ ಅಂತ ತಿಳಿದಿರಬೇಕು. ಈ ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚಾಗಿರುವ ಕೊಬ್ಬು, ಗ್ರಂಥಿಯ ಭಾಗ ಹಾಗೂ ಚರ್ಮವನ್ನು ತೆಗೆದು, ತೊಟ್ಟನ್ನು ಮೇಲಕ್ಕೆ ಸರಿಸಿ ಹೊಲಿಯುತ್ತಾರೆ. ಸಾಮಾನ್ಯವಾಗಿ ಹೊಲಿಗೆ ಮೂರು ಕಡೆ ಬರುತ್ತದೆ. ತೊಟ್ಟಿನ ಸುತ್ತ ಒಂದು, ಅಲ್ಲಿಂದ ನೇರ ಕೆಳಕ್ಕೆ ಒಂದು, ಎದೆಯ ಕೆಳಗಿನ ಮಡಿಕೆಯ ಉದ್ದಕ್ಕೂ ಅಡ್ಡಲಾಗಿ ಇನ್ನೊಂದು. ಒಟ್ಟಿಗೆ ನೋಡಿದರೆ ಹಡಗಿನ ಲಂಗರಿನ ಆಕಾರ. ಕೆಲವರಿಗೆ ಅಡ್ಡ ಹೊಲಿಗೆ ಇರುವುದಿಲ್ಲ. ನಿಮಗೆ ಯಾವುದು ಮಾಡಿದ್ದಾರೆ ಎಂಬುದನ್ನು ಸರ್ಜನ್ ಬಳಿ ಒಂದು ಕಾಗದದ ಮೇಲೆ ಗೀಟು ಹಾಕಿ ತೋರಿಸಿ ಎಂದು ಕೇಳಿ.

ನೆಟ್ಟಗಿನ ಹೊಲಿಗೆ ಬಂದು ಅಡ್ಡ ಹೊಲಿಗೆಗೆ ಕೂಡುವ ಜಾಗವಿದೆಯಲ್ಲ, ಗಾಯ ಮಾಯಲು ಹೆಚ್ಚು ಸತಾಯಿಸುವುದು ಅದೇ. ಚರ್ಮ ಅಲ್ಲಿ ಎಲ್ಲ ಕಡೆಯಿಂದಲೂ ಜಗ್ಗುತ್ತಿರುತ್ತದೆ. ಸರಿಯಾಗಿ ಅದೇ ಗೆರೆಯಲ್ಲಿ ನಮ್ಮ ಮಾಮೂಲಿ ಬ್ರಾದ ತಂತಿ ಕೂರುತ್ತದೆ, ಎಲಾಸ್ಟಿಕ್ ಒತ್ತುತ್ತದೆ, ಬೆವರೂ ನಿಲ್ಲುತ್ತದೆ. ಈ ಒಂದು ವಿಷಯ ಮನಸ್ಸಿಗೆ ಬಂದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಹಾಗಾದರೆ ಏನೂ ಹಾಕದೇ ಇದ್ದರೆ ಗಾಳಿಯಾಡುತ್ತದಲ್ಲ ಎಂದು ಕೇಳಬಹುದು. ಆಧಾರವಿಲ್ಲದಿದ್ದರೆ ಎದೆಯ ಭಾರವೆಲ್ಲ ಹೊಲಿಗೆಯ ಮೇಲೆ ಬೀಳುತ್ತದೆ. ಎದ್ದಾಗ, ಮೆಟ್ಟಿಲಿಳಿದಾಗ, ಕೆಮ್ಮಿದಾಗ ಒಳಗೆಲ್ಲ ಎಳೆದಂತಾಗಿ ನೋವು ಹೆಚ್ಚುತ್ತದೆ. ಹದವಾಗಿ ಅಪ್ಪಿ ಹಿಡಿಯುವ ಬ್ರಾ ಅಲುಗಾಟ ತಡೆಯುತ್ತದೆ, ಗಾಯದ ಮೇಲಿನ ಗಾಜ್ ಜಾರದಂತೆ ನೋಡಿಕೊಳ್ಳುತ್ತದೆ, ಬಾವಿನ ಹಿಂಸೆಯನ್ನೂ ಕಡಿಮೆ ಮಾಡುತ್ತದೆ. ಅದಕ್ಕೇ ಬಹುತೇಕ ಸರ್ಜನ್‌ಗಳು 4ರಿಂದ 6 ವಾರ ಹಗಲೂ ರಾತ್ರಿ ಹಾಕಿಕೊಳ್ಳಿ ಎನ್ನುವುದು. ಮಲಗುವಾಗಲೂ! ತೆಗೆಯುವುದು ಸ್ನಾನಕ್ಕೆ ಮತ್ತು ಡ್ರೆಸಿಂಗ್ ಬದಲಿಸಲು ಮಾತ್ರ.

ಆಸ್ಪತ್ರೆಗೆ ಹೋಗುವ ಮೊದಲೇ ಕೊಳ್ಳಿ

ಆಪರೇಷನ್ ಆದ ಮೇಲೆ ಅಂಗಡಿ ಸುತ್ತುವ ಸ್ಥಿತಿಯಲ್ಲಿ ನೀವಿರುವುದಿಲ್ಲ. ಕೈ ಮೇಲೆತ್ತಲು ಕಷ್ಟ. ಬಸ್ಸು, ಆಟೊದ ಕುಲುಕಾಟ ಬೇಡ. ಆದ್ದರಿಂದ ದಿನ ನಿಗದಿಯಾದ ಕೂಡಲೇ ಸರ್ಜನ್‌ಗೆ ಮೂರು ಪ್ರಶ್ನೆ ಕೇಳಿ. ಆಸ್ಪತ್ರೆಯಲ್ಲೇ ಸರ್ಜಿಕಲ್ ಬ್ರಾ ಕೊಡುತ್ತೀರಾ, ಅದರ ಹಣ ಬಿಲ್ಲಿನಲ್ಲಿ ಸೇರಿದೆಯೇ? ನಾನೇ ತರಬೇಕಾದರೆ ಯಾವ ಬಗೆಯದು, ಯಾವ ಅಳತೆ? ಎಷ್ಟು ವಾರ ಹಾಕಿಕೊಳ್ಳಬೇಕು? ಉತ್ತರಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಗಂಡಸು ಡಾಕ್ಟರ್ ಹತ್ತಿರ ಕೇಳಲು ಸಂಕೋಚವಾದರೆ ವಾರ್ಡಿನ ಸಿಸ್ಟರ್ ಬಳಿ ಕೇಳಿ. ದಿನವೂ ಇದನ್ನು ನೋಡುವವರು ಅವರು, ಚೆನ್ನಾಗಿ ತಿಳಿಸಿ ಹೇಳುತ್ತಾರೆ.

ಎಲ್ಲಿ ಸಿಗುತ್ತದೆ? ದೊಡ್ಡ ಆಸ್ಪತ್ರೆಗಳ ಆಸುಪಾಸಿನ ಸರ್ಜಿಕಲ್ ಅಂಗಡಿಗಳಲ್ಲಿ ವಿಚಾರಿಸಿ. ಸೊಂಟದ ಬೆಲ್ಟು, ಮಂಡಿಯ ಪಟ್ಟಿ ಮಾರುವ ಕಡೆಯೇ ಇದನ್ನೂ ತರಿಸಿಕೊಡುತ್ತಾರೆ. ಇಂಟರ್ನೆಟ್‌ನಲ್ಲಿ ತರಿಸುವವರು ಒಂದು ಎಚ್ಚರ ವಹಿಸಿ. ಒಳಉಡುಪನ್ನು ಎಷ್ಟೋ ಕಡೆ ವಾಪಸ್ ತೆಗೆದುಕೊಳ್ಳುವುದಿಲ್ಲ. ಮೊದಲು ಒಂದೇ ತರಿಸಿ, ನೋಡಿ, ಆಮೇಲೆ ಉಳಿದದ್ದು.

ನಮ್ಮ ಸಣ್ಣ ಊರುಗಳ ಫ್ಯಾನ್ಸಿ ಸ್ಟೋರಿನ ಕಥೆ ಎಲ್ಲರಿಗೂ ಗೊತ್ತು. ಕೌಂಟರಿನಲ್ಲಿ ಗಂಡಸರು. ತಲೆ ತಗ್ಗಿಸಿ 'ಮೂವತ್ತಾರು ಕೊಡಿ' ಅನ್ನುವುದು, ಪೊಟ್ಟಣ ಬಿಚ್ಚದೆ ಪೇಪರಿನಲ್ಲಿ ಸುತ್ತಿಸಿಕೊಂಡು ಬೇಗ ಬೇಗ ಹೊರಡುವುದು. ಈ ಸಲ ಹಾಗೆ ಮಾಡಬೇಡಿ. ಬಿಚ್ಚಿಸಿ, ಹಿಡಿದು, ತಿರುಗಿಸಿ ನೋಡಿ. 'ಆಪರೇಷನ್ ಪೇಷೆಂಟಿಗೆ, ಮುಂದೆ ಹುಕ್ ಇರೋದು ಬೇಕು' ಎಂದು ನೇರವಾಗಿ ಹೇಳಿ. ಎದೆಯ ಆಪರೇಷನ್ ಎಂಬ ವಿವರ ಅಂಗಡಿಯವನಿಗೆ ಬೇಕಿಲ್ಲ, ಬಟ್ಟೆಯ ವಿವರ ಸಾಕು.

ಕೈಯಲ್ಲಿ ಹಿಡಿದು ಇಷ್ಟು ನೋಡಿ

ಮುಂದೆ ತೆರೆಯಬೇಕು: ಇದು ಮೊದಲ ನಿಯಮ. ಕೈ ಹಿಂದೆ ತಿರುಗಿಸಿ ಹುಕ್ ಹಾಕುವುದಾಗಲಿ, ತಲೆಯ ಮೇಲಿಂದ ಎಳೆದುಕೊಳ್ಳುವುದಾಗಲಿ ಮೊದಲ ವಾರಗಳಲ್ಲಿ ಆಗದ ಮಾತು. ಮುಂದೆ ಹುಕ್ಕೋ ಜಿಪ್ಪೋ ವೆಲ್ಕ್ರೋ ಪಟ್ಟಿಯೋ ಇರಲಿ. ಜಿಪ್ಪಿದ್ದರೆ ಅದರ ಒಳಗಡೆ ಒಂದು ಬಟ್ಟೆಯ ಪಟ್ಟಿ ಇರಲೇಬೇಕು. ಇಲ್ಲದಿದ್ದರೆ ಹಲ್ಲು ಚರ್ಮಕ್ಕೆ ಉಜ್ಜುತ್ತದೆ.

ತಂತಿ ಬೇಡವೇ ಬೇಡ: ಕಪ್ಪಿನ ಕೆಳಗೆ ಬೆರಳಿಟ್ಟು ಒತ್ತಿ ನೋಡಿ. ಗಟ್ಟಿಯಾಗಿ ಬಾಗಿದ ಕಡ್ಡಿ ಸಿಕ್ಕಿದರೆ ವಾಪಸ್ ಕೊಡಿ. ಪಕ್ಕದಲ್ಲಿ ಪ್ಲಾಸ್ಟಿಕ್ ಕಡ್ಡಿ ಇದ್ದರೂ ಬೇಡ.

ಕೆಳಪಟ್ಟಿ ಅಗಲವಿರಲಿ: ಹಗ್ಗದಂಥ ಸಣ್ಣ ಎಲಾಸ್ಟಿಕ್ ಒಂದೇ ಗೆರೆಯಲ್ಲಿ ಕೊರೆಯುತ್ತದೆ. ಎರಡು ಇಂಚಿನಷ್ಟು ಅಗಲದ ಮೃದು ಪಟ್ಟಿ ಒತ್ತಡವನ್ನು ಹಂಚುತ್ತದೆ. ಅದು ಮಡಿಕೆಯ ಹೊಲಿಗೆಯ ಮೇಲೆ ಕೂರದೆ ಅದಕ್ಕಿಂತ ಕೆಳಗೆ, ಪಕ್ಕೆಲುಬಿನ ಮೇಲೆ ಕೂರಬೇಕು.

ಹೆಗಲ ಪಟ್ಟಿ ಅಗಲ, ಬದಲಿಸುವಂತಿರಬೇಕು: ಗುಳಿ ಬಿದ್ದ ಹೆಗಲಿಗೆ ಇನ್ನಾದರೂ ವಿಶ್ರಾಂತಿ ಬೇಡವೇ? ಪಟ್ಟಿಯ ಹೊಂದಾಣಿಕೆ ಮುಂಭಾಗದಲ್ಲೇ ಇದ್ದರೆ ಇನ್ನೂ ಒಳ್ಳೆಯದು.

ಒಳಗಿನ ಹೊಲಿಗೆ: ಬ್ರಾವನ್ನು ಒಳಮಗ್ಗುಲಾಗಿಸಿ ಕೆನ್ನೆಗೆ ಉಜ್ಜಿ ನೋಡಿ. ಕೆನ್ನೆಗೆ ಚುಚ್ಚಿದ್ದು ಗಾಯಕ್ಕೂ ಚುಚ್ಚುತ್ತದೆ. ಲೇಸು, ಮಣಿ, ಚುಚ್ಚುವ ಲೇಬಲ್ ಬೇಡ. ಲೇಬಲ್ ಇದ್ದರೆ ಬುಡದವರೆಗೆ ಕತ್ತರಿಸಿ.

ಬಟ್ಟೆ: ಹತ್ತಿಯೇ ಹೆಚ್ಚಿರಲಿ, ಹಿಗ್ಗಲು ಸ್ವಲ್ಪ ಎಲಾಸ್ಟಿಕ್ ದಾರ ಸೇರಿದ್ದರೆ ಸರಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ನೈಲಾನ್ ಹಾಕಿಕೊಂಡು ಹಗಲು ರಾತ್ರಿ ಕಳೆಯುವುದು ಸಾಧ್ಯವಾ ಹೇಳಿ? ಸ್ಪಂಜಿನ ದಪ್ಪ ಕಪ್ಪೂ ಬೇಡ. ಅದು ಬೆವರು ಹೀರಿ ತೇವವಾಗಿಯೇ ಇರುತ್ತದೆ.

ಮುಂದೆ ತೆರೆಯುವ ಉಡುಪು ನಮಗೆ ಹೊಸದೂ ಅಲ್ಲ. ನಮ್ಮ ಅಜ್ಜಿಯರ ರವಿಕೆಗೆ ಹುಕ್ಕು ಮುಂದೆಯೇ ಇತ್ತು. ಉತ್ತರ ಕರ್ನಾಟಕದ ಹಿರಿಯರು ಇಳಕಲ್ ಸೀರೆಯ ಜೊತೆ ಕುಪ್ಪಸವನ್ನು ಮುಂದೆಯೇ ಗಂಟು ಹಾಕಿ ಕಟ್ಟಿಕೊಳ್ಳುತ್ತಿದ್ದರು. ಬೆನ್ನ ಹಿಂದೆ ಹುಕ್ಕು ಹುಡುಕುವ ಕಷ್ಟ ನಾವು ಆಮೇಲೆ ತಂದುಕೊಂಡಿದ್ದು!

'ಸ್ಪೋರ್ಟ್ಸ್ ಬ್ರಾ ಆಗುತ್ತಾ?' ಎಂದು ಅನೇಕರು ಕೇಳುತ್ತಾರೆ. 1977ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಲೀಸಾ ಲಿಂಡಾಲ್, ಪಾಲಿ ಸ್ಮಿತ್, ಹಿಂಡಾ ಮಿಲ್ಲರ್ ಎಂಬ ಮೂವರು ಹೆಂಗಸರು ಆಟಗಾರ ಗಂಡಸರ ಒಳಉಡುಪು ಎರಡನ್ನು ಕೂಡಿಸಿ ಹೊಲಿದು ಇದರ ಮೊದಲ ಮಾದರಿ ಮಾಡಿದರು. ಓಡುವಾಗ ಎದೆ ಅಲುಗದಿರಲಿ ಎಂಬುದು ಅವರ ಉದ್ದೇಶ. ಅಲುಗಾಟ ತಡೆಯುವುದು ನಮಗೂ ಬೇಕು, ಆದರೆ ಅಪ್ಪಚ್ಚಿ ಮಾಡುವಷ್ಟು ಬಿಗಿಯಾದದ್ದು ಬೇಡ. ಮುಂದೆ ಜಿಪ್ಪಿರುವ, ಹಿತವಾಗಿ ಹಿಡಿಯುವ ಸ್ಪೋರ್ಟ್ಸ್ ಬ್ರಾ ಆದರೆ ಸರ್ಜನ್ ಒಪ್ಪಿಗೆ ಪಡೆದು ಹಾಕಿಕೊಳ್ಳಬಹುದು. ತಲೆಯಿಂದ ಎಳೆದು ಹಾಕುವಂಥದ್ದು ಕೈ ನೋವಿಲ್ಲದೆ ಎತ್ತಲು ಬಂದ ಮೇಲೆ. ಇನ್ನು, ಬಾಣಂತಿಯರ ಬ್ರಾ ಮನೆಯಲ್ಲಿದೆ ಎಂದು ಅದನ್ನೇ ತೆಗೆಯಬೇಡಿ. ಅದರ ಕಪ್ ಮಾತ್ರ ಮುಂದೆ ತೆರೆಯುತ್ತದೆ, ಹುಕ್ಕು ಬಹುಪಾಲು ಹಿಂದೆಯೇ ಇರುತ್ತದೆ.

ಅಳತೆ ಹೇಗೆ?

ಇನ್ನೂ ಆಗದ ಗಾತ್ರಕ್ಕೆ ಈಗಲೇ ಬ್ರಾ ಕೊಳ್ಳುವುದು ಹೇಗೆ? ಇಲ್ಲಿದೆ ಉಪಾಯ. ಶಸ್ತ್ರಚಿಕಿತ್ಸೆಯಿಂದ ಎದೆಯ ಗಾತ್ರ ಬದಲಾಗುತ್ತದೆ, ಅದರ ಕೆಳಗಿನ ಪಕ್ಕೆಲುಬಿನ ಸುತ್ತಳತೆ ಹೆಚ್ಚೇನೂ ಬದಲಾಗದು. ಟೇಪನ್ನು ಎದೆಯ ಕೆಳಗೆ ಸುತ್ತಿ, ಉಸಿರು ಬಿಟ್ಟು, ಅಳತೆ ತೆಗೆದುಕೊಳ್ಳಿ. ಪೊಟ್ಟಣದ ಮೇಲಿರುವ ಅಳತೆಯ ಪಟ್ಟಿಗೆ ಇದನ್ನು ಹೋಲಿಸಿ. ಕೆಲವು ಕಂಪನಿ ಈ ಅಂಕಿಯನ್ನೇ ಸೈಜ್ ಎನ್ನುತ್ತವೆ, ಕೆಲವು ಇದಕ್ಕೆ 4-5 ಇಂಚು ಸೇರಿಸುತ್ತವೆ. ಹಾಗಾಗಿ 'ನಂದು ಯಾವಾಗಲೂ 38' ಎಂಬ ಲೆಕ್ಕ ಇಲ್ಲಿ ನಡೆಯದು.

ಕಪ್ಪಿನ ವಿಷಯಕ್ಕೆ ಬಂದರೆ, ಮುಂದೆ ಇಂಥದ್ದೇ ಕಪ್ ಎಂದು ಯಾವ ಸರ್ಜನ್ನೂ ಬರೆದು ಕೊಡಲಾರರು. ಮೊದಲ ವಾರಗಳಲ್ಲಿ ಬಾವು ಬೇರೆ ಇರುತ್ತದೆ. ಆದ್ದರಿಂದ ಎ, ಬಿ, ಸಿ ಎಂದು ಕಪ್ ಅಳತೆ ಇರುವುದಕ್ಕಿಂತ ಹಿಗ್ಗುವ ಬಟ್ಟೆಯ, ಸ್ಮಾಲ್, ಮೀಡಿಯಂ, ಲಾರ್ಜ್ ಎಂದು ಸಿಗುವಂಥದ್ದು ವಾಸಿ. ಎರಡು ಅಳತೆಯ ನಡುವೆ ಅನುಮಾನ ಬಂದರೆ ದೊಡ್ಡದನ್ನೇ ತೆಗೆದುಕೊಳ್ಳಿ. ಹುಕ್ಕಿನ ಸಾಲು ಎರಡು ಮೂರು ಇದ್ದರೆ ಬಾವು ಇದ್ದಾಗ ಸಡಿಲ ಸಾಲಿಗೆ, ಇಳಿದ ಮೇಲೆ ಬಿಗಿ ಸಾಲಿಗೆ ಹಾಕಬಹುದು.

ಎಷ್ಟು ಬೇಕು? ಕಡಿಮೆ ಎಂದರೆ ಮೂರು. ಒಂದು ಮೈಮೇಲೆ, ಒಂದು ಹಗ್ಗದ ಮೇಲೆ, ಒಂದು ಬೀರುವಿನಲ್ಲಿ. ಮೊದಲ ಕೆಲವು ದಿನ ಗಾಯದಿಂದ ಸ್ವಲ್ಪ ನೀರು, ರಕ್ತದ ಕಲೆ ಬರುವುದು ಸಹಜ, ದಿನವೂ ಬದಲಿಸಬೇಕಾಗುತ್ತದೆ. ಚೆಂದದ ದುಬಾರಿ ಬ್ರಾಗಳಿಗೆ ಈಗ ಹಣ ಸುರಿಯಬೇಡಿ. ಇವು ಕೆಲವು ತಿಂಗಳ ಅತಿಥಿಗಳು.

ಬಿಗಿ ಎಂದರೆ ಎಷ್ಟು ಬಿಗಿ?

ಇಲ್ಲೇ ನಮ್ಮ ಮನೆಗಳಲ್ಲಿ ಹೆಚ್ಚು ಎಡವಟ್ಟಾಗುವುದು. ಬಾಣಂತಿಗೆ ಹೊಟ್ಟೆಗೆ ಬಟ್ಟೆ ಸುತ್ತಿ ಬಿಗಿದು ಅಭ್ಯಾಸವಿರುವ ಹಿರಿಯರು 'ಇದನ್ನೂ ಗಟ್ಟಿಯಾಗಿ ಕಟ್ಕೋ, ಬೇಗ ಕೂಡ್ಕೊಳ್ಳುತ್ತೆ' ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಕೇಳಬೇಡಿ. ತೊಟ್ಟನ್ನು ಜಾಗ ಬದಲಿಸಿ ಕೂರಿಸಿರುವಾಗ ಅದಕ್ಕೆ ರಕ್ತ ಹರಿಯುವ ದಾರಿ ನಾಜೂಕಾಗಿರುತ್ತದೆ. ಅತಿಯಾಗಿ ಬಿಗಿದರೆ ಆ ದಾರಿಗೇ ಅಡ್ಡಿ. ಬಿಗಿದಷ್ಟೂ ಚಿಕ್ಕದಾಗುತ್ತದೆ, ಆಕಾರ ಬರುತ್ತದೆ ಎಂಬುದೂ ಸುಳ್ಳು. ಆಕಾರ ಕೊಟ್ಟಿರುವುದು ಸರ್ಜನ್ನಿನ ಕೈ, ಬ್ರಾ ಅದನ್ನು ಕಾಯುವುದಷ್ಟೇ.

ಪರೀಕ್ಷೆ ಸುಲಭ. ಕೆಳಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ದೀರ್ಘವಾಗಿ ಉಸಿರೆಳೆದರೆ ತಡೆಯಬಾರದು. ತೆಗೆದಾಗ ಚರ್ಮದ ಮೇಲೆ ಆಳವಾದ ಗೀರು, ಕೆಂಪು ಗುಳಿ ಇರಬಾರದು. ಒಂದು ಬದಿ ಉಬ್ಬಿ ಹೊರಗೆ ಬರುತ್ತಿದ್ದರೆ, ಚುಚ್ಚಿದಂತೆ ನೋಯುತ್ತಿದ್ದರೆ ಅದು ಚಿಕ್ಕದಾಯಿತು ಎಂದೇ ಅರ್ಥ. ಹಿಂದೆ ಹುಕ್ಕಿರುವ ಬ್ರಾ ಹಾಕುವ ಹಂತಕ್ಕೆ ಬಂದ ಮೇಲೆ ಪಟ್ಟಿ ಬಿಗಿ ಎನಿಸಿದರೆ ಫ್ಯಾನ್ಸಿ ಸ್ಟೋರುಗಳಲ್ಲಿ ಹುಕ್ ಎಕ್ಸ್‌ಟೆಂಡರ್ ಎಂಬ ಪುಟ್ಟ ಪಟ್ಟಿ ಸಿಗುತ್ತದೆ. ಸಡಿಲವಾಗಿ ಜೋತು ಬಿದ್ದರೂ ಪ್ರಯೋಜನವಿಲ್ಲ. ನಡೆದಾಗ ಎದೆ ಅಲುಗದಿದ್ದರೆ, ಕೂತಾಗ ಉಸಿರು ಕಟ್ಟದಿದ್ದರೆ ಅದೇ ಹದ.

ವಾರದಿಂದ ವಾರಕ್ಕೆ

ಮೊದಲ ಕೆಲವು ದಿನ: ಆಪರೇಷನ್ ಟೇಬಲ್ ಮೇಲೆ ಹಾಕಿದ ಬ್ಯಾಂಡೇಜನ್ನಾಗಲಿ ಬ್ರಾವನ್ನಾಗಲಿ ಡಾಕ್ಟರು ಹೇಳುವವರೆಗೆ ಬಿಚ್ಚಬೇಡಿ. ಕೆಲವರಿಗೆ ಒಳಗಿನ ನೀರು ಹೊರಬರಲು ಸಣ್ಣ ಕೊಳವೆ ಇಟ್ಟಿರುತ್ತಾರೆ. ಅದರ ಮೇಲೆ ಪಟ್ಟಿ ಮಡಚಿ ಕೂರದಂತೆ ನೋಡಿಕೊಳ್ಳಿ. ಬೆನ್ನ ಮೇಲೆ, ಎರಡು ಮೂರು ದಿಂಬು ಒರಗಿಸಿಕೊಂಡು ಮಲಗಿ. ಬೋರಲು ಮಲಗುವುದು ಸದ್ಯಕ್ಕೆ ಮರೆತುಬಿಡಿ.

ಮೊದಲ ಬಾರಿ ಬ್ರಾ ತೆಗೆಯುವಾಗ ತಲೆ ಸುತ್ತಿದಂತಾಗುವುದುಂಟು. ನಿಂತು ತೆಗೆಯಬೇಡಿ. ಮಂಚದ ಮೇಲೋ ಸ್ಟೂಲಿನ ಮೇಲೋ ಕೂತು, ಪಕ್ಕದಲ್ಲಿ ಒಬ್ಬರನ್ನು ಇಟ್ಟುಕೊಂಡು, ನಿಧಾನವಾಗಿ ಹುಕ್ಕು ಬಿಚ್ಚಿ. ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಬೇಡ.

ಎರಡನೇ ವಾರದಿಂದ 6ನೇ ವಾರದವರೆಗೆ: ನೋವು ಇಳಿಯುತ್ತಾ ಬಂದಂತೆ 'ಇನ್ನು ಸಾಕು' ಅನಿಸುತ್ತದೆ. ಸಾಕಾಗಿಲ್ಲ! ಹೊರಗೆ ಕೂಡಿದಂತೆ ಕಂಡರೂ ಒಳಗಿನ ಹೊಲಿಗೆ ಇನ್ನೂ ಹಸಿಯೇ. ಬ್ರಾ ಮುಂದುವರಿಯಲಿ. ನೀರಿನ ಕೊಡ, ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ, ಮಗುವನ್ನು ಎತ್ತುವುದು, ಬಟ್ಟೆ ಒಗೆದು ಹಿಂಡುವುದು, ರೊಟ್ಟಿ ತಟ್ಟುವುದು, ಅಟ್ಟದ ಮೇಲಿನ ಡಬ್ಬಿಗೆ ಕೈ ಚಾಚುವುದು ಇವೆಲ್ಲ ಡಾಕ್ಟರು ಅನುಮತಿ ಕೊಟ್ಟ ಮೇಲೆ. ಎಷ್ಟೇ ಒಳ್ಳೆಯ ಬ್ರಾ ಹಾಕಿಕೊಂಡಿದ್ದರೂ ತುಂಬಿದ ಕೊಡದ ಎಳೆತವನ್ನು ಅದು ತಡೆಯಲಾರದು.

6 ವಾರದ ನಂತರ: ಗಾಯ ಪೂರ್ತಿ ಮಾಯ್ದಿದ್ದರೆ ರಾತ್ರಿ ತೆಗೆಯಬಹುದೇ ಎಂದು ಕೇಳಿ. ಮೃದುವಾದ, ತಂತಿಯಿಲ್ಲದ ಮಾಮೂಲಿ ಬ್ರಾ ಹಗಲಿಗೆ ಸಾಕಾಗಬಹುದು. ತಂತಿಯಿರುವುದಕ್ಕೆ ಅವಸರ ಬೇಡ, ಮೂರು ತಿಂಗಳಾದರೂ ಕಾಯುವುದು ಕ್ಷೇಮ. ಮಡಿಕೆಯ ಗಾಯದ ಸುತ್ತ ಮರಗಟ್ಟಿದ್ದರೆ ತಂತಿ ಒತ್ತುತ್ತಿರುವುದೇ ನಿಮಗೆ ಗೊತ್ತಾಗದು, ನೆನಪಿಡಿ.

ಸೀರೆ, ಚೂಡಿದಾರ, ನೈಟಿ

ಬ್ರಾ ಸರಿಯಿದ್ದು ಮೇಲಿನ ಬಟ್ಟೆ ತಪ್ಪಾದರೂ ಕಷ್ಟವೇ. ಮುಂದೆ ಗುಂಡಿಯಿರುವ ನೈಟಿ, ಸಡಿಲ ಶರ್ಟು ಮೊದಲ ವಾರಗಳಿಗೆ ಹಿತ. ತಲೆಯಿಂದ ಹಾಕುವ ಚೂಡಿದಾರದ ಟಾಪ್ ಸ್ವಲ್ಪ ದಿನ ಬೀರುವಿನಲ್ಲಿರಲಿ. ಸೀರೆ ಉಡಲೇಬೇಕಾದರೆ ತೆಳು ಹತ್ತಿಯದನ್ನು ಉಟ್ಟು, ಮುಂದೆ ಹುಕ್ಕಿರುವ ಸಡಿಲ ರವಿಕೆ ಹಾಕಿ. ಹಳೇ ರವಿಕೆಗಳು ದೊಡ್ಡವಾಗಿ ಬಿಡುತ್ತವಲ್ಲ, ಈಗ ಅವೇ ಕೆಲಸಕ್ಕೆ ಬಂದವು! ಅವನ್ನು ಈಗಲೇ ಟೈಲರ್ ಹತ್ತಿರ ಒಯ್ದು ಹಿಡಿಸಬೇಡಿ. ಬಾವು ಪೂರ್ತಿ ಇಳಿದು ಆಕಾರ ನಿಲ್ಲಲು 6 ತಿಂಗಳು, ಕೆಲವರಿಗೆ ವರ್ಷವೇ ಹಿಡಿಯುತ್ತದೆ. ಮುಂದಿನ ತಿಂಗಳು ಮನೆಯಲ್ಲಿ ಮದುವೆ ಇದೆ ಎಂದು ಪಕ್ಕಾ ಅಳತೆಗೆ ರೇಷ್ಮೆ ರವಿಕೆ ಹೊಲಿಸಿದರೆ ದೀಪಾವಳಿಗೆ ಮತ್ತೆ ಬಿಚ್ಚಿ ಹೊಲಿಸಬೇಕಾದೀತು. ಒಳಗೆ ಎರಡು ಇಂಚು ಬಟ್ಟೆ ಬಿಡಿಸಿ ಹೊಲಿಸಿ.

ಹೆಗಲಿಗೆ ಭಾರದ ವ್ಯಾನಿಟಿ ಬ್ಯಾಗ್ ಹಾಕುವುದೂ ಈಗ ಬೇಡ. ಕಾರಿನಲ್ಲಿ ಹೋಗುವಾಗ ಸೀಟ್ ಬೆಲ್ಟ್ ತಪ್ಪಿಸಬೇಡಿ, ಬೆಲ್ಟು ಮತ್ತು ಎದೆಯ ನಡುವೆ ತೆಳುವಾದ ಟವೆಲ್ ಇಟ್ಟುಕೊಳ್ಳಿ.

ಬಿಸಿಲಿಗೆ ಹಾಕಿ, ಬಚ್ಚಿಡಬೇಡಿ

ನಮ್ಮ ಮನೆಗಳ ಬಟ್ಟೆ ಒಣಹಾಕುವ ಹಗ್ಗವನ್ನು ನೋಡಿದ್ದೀರಲ್ಲ. ಮೇಲೆ ಸೀರೆ, ಅದರಡಿ ಲಂಗ, ಅದರಡಿ ಎಲ್ಲೋ ಒಂದು ಮೂಲೆಯಲ್ಲಿ ಅವಿತುಕೊಂಡ ಬ್ರಾ. ಇನ್ನು ಕೆಲವರದು ಬಚ್ಚಲಿನ ನಲ್ಲಿಯ ಮೇಲೇ ಒಣಗಬೇಕು. ಗಂಡಸರ ಬನಿಯನ್ನು ಮಾತ್ರ ಅಂಗಳದ ನಟ್ಟನಡುವೆ ಬಾವುಟದಂತೆ ಹಾರಾಡುತ್ತದೆ! ಉಳಿದ ದಿನಗಳಲ್ಲಿ ಇದು ನಗುವ ಮಾತು. ಹಸಿ ಗಾಯವಿದ್ದಾಗ ನಗುವ ಮಾತಲ್ಲ. ಅರೆ ಒಣಗಿದ ಬ್ರಾದ ತೇವ ಮಡಿಕೆಯ ಗಾಯವನ್ನು ಮೆತ್ತಗೆ ಮಾಡುತ್ತದೆ. ಅಲ್ಲಿ ಬೂಷ್ಟು ಸೋಂಕು, ಕೀವು ಹಿಡಿಯಲು ಅಷ್ಟು ಸಾಕು. ಲಕ್ಷಗಟ್ಟಲೆ ಖರ್ಚು ಮಾಡಿ ಮಾಡಿಸಿಕೊಂಡ ಚಿಕಿತ್ಸೆಯನ್ನು ಹಗ್ಗದ ಮೇಲಿನ ನಾಚಿಕೆ ಹಾಳು ಮಾಡಬೇಕೆ?

ಆದ್ದರಿಂದ ಹೊಸ ಬ್ರಾವನ್ನೂ ಒಗೆದೇ ಹಾಕಿಕೊಳ್ಳಿ. ಸೌಮ್ಯ ಸೋಪು ಬಳಸಿ, ನೊರೆ ಪೂರ್ತಿ ಹೋಗುವಂತೆ ಜಾಲಿಸಿ. ಬ್ಲೀಚು, ಗಂಜಿ, ಘಮಘಮಿಸುವ ಕಂಡೀಷನರ್ ಬೇಡ. ಬಿಸಿಲಲ್ಲಿ ನೇರವಾಗಿ, ಮೇಲೆ ಏನೂ ಮುಚ್ಚದೆ ಒಣಗಿಸಿ. ಯಾರು ನೋಡುತ್ತಾರೋ ನೋಡಲಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಾದರೆ ಮೂರರ ಬದಲು ನಾಲ್ಕೈದು ಕೊಂಡಿಡಿ, ಫ್ಯಾನಿನ ಕೆಳಗೆ ಒಣಗಿಸಿ. ಬಚ್ಚಲೊಲೆಯ ಮೇಲಿನ ಹೊಗೆಗೆ ಒಡ್ಡಬೇಡಿ.

ಸ್ನಾನಕ್ಕೆ ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ ಗಾಯವನ್ನು ಉಜ್ಜದೆ, ಶುಭ್ರ ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿ. ಮಡಿಕೆ ಪೂರ್ತಿ ಒಣಗಿದ ಮೇಲೆಯೇ ಬ್ರಾ. ಬೆವರಿಗೆಂದು ಪೌಡರ್ ಹಾಕುವ ಅಭ್ಯಾಸ ಬಿಡಿ. ಅರಿಶಿನ, ಕೊಬ್ಬರಿ ಎಣ್ಣೆ, ತುಪ್ಪ, ಯಾರೋ ಹೇಳಿದ ಮುಲಾಮು, ಯಾವುದನ್ನೂ ಹಸಿ ಗಾಯಕ್ಕೆ ಸವರಬೇಡಿ. ಹತ್ತಿಯನ್ನು ನೇರವಾಗಿ ಇಟ್ಟರೆ ಎಳೆ ಅಂಟಿಕೊಳ್ಳುತ್ತದೆ. ಡಾಕ್ಟರು ಹೇಳಿದ ಗಾಜನ್ನೇ ಬ್ರಾದ ಒಳಗೆ ಇಡಿ, ಒದ್ದೆಯಾದ ಕೂಡಲೇ ಬದಲಿಸಿ.

ಬ್ರಾ ಬಿಚ್ಚಿದಾಗಲೆಲ್ಲ ಕನ್ನಡಿ ನೋಡಿ

ಕನ್ನಡಿಯ ಮುಂದೆ ನಿಲ್ಲಲು ಅನೇಕರಿಗೆ ಭಯ. ಆದರೆ ದಿನಕ್ಕೊಮ್ಮೆ ನೋಡಲೇಬೇಕು. ಸ್ವಲ್ಪ ಬಾವು, ಚರ್ಮ ಹಸಿರುಗಟ್ಟಿದಂತಾಗುವುದು, ಜುಮ್ಮೆನ್ನುವುದು, ತೊಟ್ಟಿನ ಸ್ಪರ್ಶಜ್ಞಾನ ಹೆಚ್ಚು ಕಡಿಮೆಯಾಗುವುದು ಆಗುತ್ತದೆ. ಆದರೆ ಒಂದೇ ಬದಿ ಇದ್ದಕ್ಕಿದ್ದಂತೆ ಊದಿ ಗಟ್ಟಿಯಾಗಿ ನೋಯುವುದು, ತೊಟ್ಟು ಕಪ್ಪಾಗುತ್ತಾ ಅಥವಾ ನೀಲಿಗಟ್ಟುತ್ತಾ ಹೋಗುವುದು, ಕೆಂಪು ಹರಡುವುದು, ಕೀವು ಅಥವಾ ವಾಸನೆ, ಹೊಲಿಗೆ ಬಿಟ್ಟುಕೊಳ್ಳುವುದು, ಚಳಿ ಜ್ವರ ಇವುಗಳಲ್ಲಿ ಯಾವುದು ಕಂಡರೂ ನಾಳೆಗೆ ಇಡಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಮೀನಖಂಡದಲ್ಲಿ ನೋವು ಬಾವು, ಉಸಿರು ಸಿಕ್ಕದಂತಾಗುವುದು, ಎದೆ ಹಿಡಿದುಕೊಳ್ಳುವುದು ಆದರೆ ಬ್ರಾ ಬಿಗಿಯಾಗಿರಬೇಕು ಎಂದು ಸುಮ್ಮನೆ ಕೂರಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಕೂಡಲೇ ಆಸ್ಪತ್ರೆಗೆ ಹೊರಡಿ. ಸಕ್ಕರೆ ಕಾಯಿಲೆ ಇರುವವರಿಗೆ ಗಾಯ ಮಾಯಲು ತಡವಾಗಬಹುದು, ಅವರು ಎರಡು ಪಟ್ಟು ಜಾಗ್ರತೆ ವಹಿಸಲಿ.

ಮನೆಯವರಿಗೆ ಒಂದು ಮಾತು

ಈ ಪುಟವನ್ನು ಮನೆಯ ಗಂಡಸರೂ ಓದಿದರೆ ಒಳ್ಳೆಯದು. ಹೆಂಡತಿಗೆ ಇಂಜೆಕ್ಷನ್ನು, ಮಾತ್ರೆ ತರಲು ಓಡುವವರು ಚೀಟಿ ಹಿಡಿದು ಸರ್ಜಿಕಲ್ ಅಂಗಡಿಗೆ ಹೋಗಿ ಬ್ರಾ ತರಲು ಏಕೆ ಹಿಂಜರಿಯಬೇಕು? ಅದೂ ಔಷಧಿಯೇ. ಹಗ್ಗದಿಂದ ಅದನ್ನು ತೆಗೆದು ಮಡಚಿಟ್ಟರೆ ಕೈ ಸವೆಯುವುದಿಲ್ಲ. ಅತ್ತೆಯಂದಿರೇ, 'ದೇವರು ಕೊಟ್ಟಿದ್ದನ್ನ ಕುಯ್ಯಿಸಿಕೊಂಡಳು' ಎನ್ನುವ ಮಾತು ಈಗ ಬೇಡ. ಮಂಡಿ ನೋವಿಗೆ ಆಪರೇಷನ್ ಮಾಡಿಸಿಕೊಳ್ಳುವುದು ತಪ್ಪಲ್ಲವಾದರೆ ಬೆನ್ನು ನೋವಿಗೆ ಮಾಡಿಸಿಕೊಳ್ಳುವುದು ಹೇಗೆ ತಪ್ಪಾಗುತ್ತದೆ? ಅವಳು ಕೈ ಎತ್ತಲಾರದ ಹದಿನೈದು ದಿನ ತಲೆ ಬಾಚಿ ಜಡೆ ಹಾಕಿ. ಆ ಕೈಯ ಸುಖ ಯಾವ ಸರ್ಜಿಕಲ್ ಬ್ರಾಗೂ ಬಾರದು.

ಆಮೇಲೆ?

ಆರು ತಿಂಗಳಾಗಲಿ. ಗಾಯದ ಗೆರೆಗಳು ಕೆಂಪು ಕಳೆದು ಮಾಸುತ್ತಾ ಬರುತ್ತವೆ. ನಮ್ಮ ಮೈಬಣ್ಣದವರಲ್ಲಿ ಕೆಲವರಿಗೆ ಕಲೆ ದಪ್ಪಗಾಗಿ ಉಬ್ಬುವುದುಂಟು. ಹಾಗಾದರೆ ಸಿಲಿಕಾನ್ ಜೆಲ್ ಮುಂತಾದ ಉಪಾಯಗಳಿವೆ, ಸರ್ಜನ್ ಬಳಿ ಕೇಳಿ. ಮುಂದೆ ಮ್ಯಾಮೊಗ್ರಾಂ ಮಾಡಿಸುವಾಗ ಈ ಶಸ್ತ್ರಚಿಕಿತ್ಸೆ ಆಗಿದೆ ಎಂದು ತಪ್ಪದೆ ತಿಳಿಸಿ, ಒಳಗಿನ ಕಲೆಗಳು ಅದರಲ್ಲಿ ಕಾಣಿಸಿಕೊಳ್ಳುತ್ತವೆ.

ಆಗ ಟೇಪು ಹಿಡಿದು ಹೊಸದಾಗಿ ಅಳತೆ ತೆಗೆದುಕೊಳ್ಳಿ. ನಿಮಗಿಷ್ಟವಾದ ಬಣ್ಣದ, ನಿಮ್ಮ ಅಳತೆಗೇ ಕೂರುವ ಒಂದು ಒಳ್ಳೆಯ ಬ್ರಾ ಕೊಂಡುಕೊಳ್ಳಿ. ತೆಳು ಪಟ್ಟಿಯದೇ ಇರಲಿ. ಈಗ ಹೆಗಲ ಮೇಲೆ ಭಾರವಿಲ್ಲ, ಗುಳಿ ಬೀಳುವ ಚಿಂತೆಯೂ ಇಲ್ಲ. ಒಗೆದ ಮೇಲೆ ಅದನ್ನೂ ಸೀರೆಯ ಕೆಳಗೆ ಬಚ್ಚಿಡಬೇಡಿ, ಆಯಿತಾ? ಬಿಸಿಲು ಎಲ್ಲರ ಬಟ್ಟೆಗೂ ಒಂದೇ.